ಎರಡು ಏಣಿ, ಒಂದು ಕವೆಗೋಲು

ಅವರೆಕಾಳು ಹಿದುಕುತ್ತಾ ಕೂತಿದ್ದೆ. ನೆನೆಸಿಟ್ಟ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಈ ಕೆಲಸಕ್ಕೆ ಕಣ್ಣು ಬೇಡ. ಹಾಗಾಗಿ ನನ್ನ ಕಣ್ಣು ಮೊಬೈಲಿನ ಮೇಲೇ ಇತ್ತು. ಕೋಲಾರದ ಆಸ್ಪತ್ರೆಯಲ್ಲಿ ನಮ್ಮತ್ತೆಯ ಕಣ್ಣಿನ ಕಟ್ಟು ಬಿಚ್ಚುವ ಹೊತ್ತು ಅದು. ಮಾವಿನ ಕೊಂಬೆ ತಗುಲಿ ಅವರ ಎಡಗಣ್ಣು ಹೋಗಿ ಎಷ್ಟೋ ಕಾಲವಾಯಿತು. ಉಳಿದ ಬಲಗಣ್ಣಿಗೂ ಪೊರೆ ಬಂದು ನಿನ್ನೆ ಆಪರೇಷನ್ ಆಗಿತ್ತು. "ಪೊರೆ ತುಂಬಾ ಬಲಿತಿದೆ, ನೋಡೋಣ" ಎಂದಷ್ಟೇ ಡಾಕ್ಟರು ಹೇಳಿದ್ದರು. ಜೊತೆಯಲ್ಲಿ ಒಬ್ಬರೇ ಇರಬೇಕೆಂದು ನಮ್ಮ ಯಜಮಾನರು ಹೋಗಿದ್ದರು. ನಾನು ಹಸು ನೋಡಿಕೊಂಡು, ದೇವರ ಮುಂದೆ ದಿನದ ದೀಪದ ಪಕ್ಕ ಅತ್ತೆಯ ಹೆಸರಿನದೊಂದು ಹಚ್ಚಿಟ್ಟು, ಇಲ್ಲೇ ಉಳಿದಿದ್ದೆ.

ಫೋನು ಬಂತು.

"ಲೇ, ಕಟ್ಟು ಬಿಚ್ತಾ ಇದ್ದಾರೆ. ನಿನ್ನ ಆ ನೋಟ್‌ಬುಕ್ ಎಲ್ಲೈತೆ ಕೇಳು ಅಂತಾಳೆ ನಮ್ಮಮ್ಮ."

"ನೋಟ್‌ಬುಕ್ಕು ಹಾಳಾಗ್ಲಿ, ಕಣ್ಣು ಕಾಣ್ತದಾ ಹೇಳ್ರೀ!"

"ಇರು, ಡಾಕ್ಟ್ರು ಕರೀತಿದ್ದಾರೆ" ಎಂದು ಇಟ್ಟೇಬಿಟ್ಟರು.

ಕೂರಲಾಗಲಿಲ್ಲ. ಕೈ ಒರೆಸಿಕೊಂಡು ಟ್ರಂಕಿನ ತಳದಿಂದ ನೋಟ್‌ಬುಕ್ ತೆಗೆದೆ. ಇಷ್ಟು ವರ್ಷವಾದರೂ ಮಾವಿನ ಸೊನೆಯ ವಾಸನೆ ಪೂರ್ತಿ ಹೋಗಿಲ್ಲ. ಅದರ ಕಥೆ ನಿಮಗೆ ಹೇಳಬೇಕೆಂದರೆ ನನ್ನ ಮಾನ ಸ್ವಲ್ಪ ಕಳೆದುಕೊಳ್ಳಬೇಕು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲಾದವಳು. ಉದ್ದನೆಯ ಪದ ಕಂಡರೆ ಸಾಕು, ಕೊನೆ ಮುಟ್ಟುವಷ್ಟರಲ್ಲಿ ಮೊದಲಿನ ಅಕ್ಷರ ಮರೆತಿರುತ್ತಿತ್ತು. ಫೇಲಾದ ಹುಡುಗಿಗೆ ಮನೆಯವರು ಮಾಡುವ ಮುಂದಿನ ಕೆಲಸ ನಿಮಗೆ ಗೊತ್ತೇ ಇದೆ. ಲಕ್ಕೂರಿನಿಂದ ಶ್ರೀನಿವಾಸಪುರಕ್ಕೆ ಸೊಸೆಯಾಗಿ ಬಂದೆ.

ಅತ್ತೆಯ ತವರು ಗೌನಿಪಲ್ಲಿ ಕಡೆ. ಮಾತಿನಲ್ಲಿ ತೆಲುಗು ಬೆರೆತಿರುತ್ತದೆ, 'ನೋಡು' ಅನ್ನಲು 'ಚೂಡು', 'ಅಲ್ವಾ' ಅನ್ನಲು 'ಕಾದಾ'. ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಸೀಸನ್ನಿನಲ್ಲಿ ಮಾವಿನ ಮಂಡಿಗೆ ಹೋಗಿ ಕಾಯಿ ಆರಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಪೆಟ್ಟಿಗೆಯೊಳಗೆ ಹಾಸಲು ಹಳೆಯ ಇಂಗ್ಲಿಷ್ ಪೇಪರು ಬರುತ್ತಿತ್ತು. ಒಂದು ಸಂಜೆ ಆ ಪೇಪರನ್ನೇ ಮಡಿಲಲ್ಲಿ ಕಟ್ಟಿಕೊಂಡು ಬಂದರು.

"ಇಂಗ್ಲೀಷಲ್ಲಿ ಹೋಗ್ಬಿಟ್ಯಂತೆ, ಕಾದಾ?"

ನಾನು ತಲೆ ತಗ್ಗಿಸಿದೆ.

"ಕಳ್ಳತನ ಮಾಡ್ದೋಳಂಗೆ ಯಾಕೆ ನಿಂತ್ಕೊಂಡೆ ಅಮ್ಮಣ್ಣೀ? ಚೂಡು, ಇದು ಏಣಿ." ಅವರ ಬೆರಳು ಎಚ್ ಅಕ್ಷರದ ಮೇಲಿತ್ತು. "ಇದು ಬಳೆ. ಇದು ಕೊಂಬೆಗೆ ಆನಿಸೋ ಕವೆಗೋಲು. ಇದು ಕಾಯಿ ಕೀಳೋ ದೋಟಿ, ತಲೆಕೆಳಗಾಗೈತೆ. ಎಷ್ಟುದ್ದ ಇದ್ರೇನು, ಒಳಗಿರೋದೆಲ್ಲಾ ನಮ್ಮನೆ ಸಾಮಾನೇ."

ಓ ಬಳೆ, ವೈ ಕವೆಗೋಲು, ಜೆ ದೋಟಿ. ಅಂದಿನಿಂದ ನಮ್ಮ ಆಟ ಶುರುವಾಯಿತು. ಅಡುಗೆ ಮುಗಿಸಿ ಕೂತರೆ ಅತ್ತೆ ಅಪ್ಪಣೆ ಕೊಡುವರು: "ಇವತ್ತು ಏಣೀನೂ ಕವೆಗೋಲೂ ಜೊತೇಲಿರೋ ಮಾತು ಬೇಕು. ಎಲ್ಲಕ್ಕಿಂತ ಉದ್ದದ್ದು." ದಪ್ಪಕ್ಷರದ ಜಾಹೀರಾತು, ತಲೆಬರಹಗಳಿಗಷ್ಟೇ ಪ್ರವೇಶ. ಸಣ್ಣಕ್ಷರಗಳನ್ನು ಅವರು ಇರುವೆಗಳೆಂದು ತಳ್ಳಿಹಾಕಿದ್ದರು. ಸಿಕ್ಕಿದ ಪದವನ್ನು ಕತ್ತರಿಸಿ ಅನ್ನದ ಅಗುಳಿನಿಂದ ನೋಟ್‌ಬುಕ್ಕಿನಲ್ಲಿ ಆ ಜೋಡಿಯ ಪುಟಕ್ಕೆ ಅಂಟಿಸುವುದು. ಅದಕ್ಕಿಂತ ಉದ್ದದ್ದು ಸಿಕ್ಕರೆ ಸೋತದ್ದರ ಮೇಲೇ ಗೆದ್ದದ್ದು. ಕೆಲವು ಪುಟ ಹಪ್ಪಳಕ್ಕಿಂತ ದಪ್ಪವಾಗಿವೆ. ಏಣಿ, ಕವೆಗೋಲಿನ ಪುಟದಲ್ಲಿ ಹನ್ನೊಂದು ಅಕ್ಷರದ 'ಫೋಟೋಗ್ರಫಿ' ಬಂದು ಕೂತದ್ದು ಮತ್ತೆ ಏಳಲೇ ಇಲ್ಲ.

"ಇಬ್ರೂ ಸೇರಿ ಇಂಗ್ಲೀಷಿಗೆ ಕ್ಷೌರ ಮಾಡ್ತಿದ್ದೀರಾ?" ಎಂದು ಯಜಮಾನರು ನಗುತ್ತಿದ್ದರು.

"ಹೋಗ್ಲಾ, ಇವಳು ಪಾಸಾಗ್ಲಿ, ಆಮೇಲೆ ನಿಂಗೆ ಮಾಡ್ತೀವಿ."

ಮರುವರ್ಷ ಪರೀಕ್ಷೆ ಕಟ್ಟಿದೆ. ಪ್ರಶ್ನೆಪತ್ರಿಕೆಯಲ್ಲಿ ಉದ್ದನೆಯ ಪದ ಎದುರಾದಾಗ ಮೊದಲಿನ ಅಕ್ಷರ ಮರೆಯಲಿಲ್ಲ. ಅದರೊಳಗೊಂದು ಬಳೆ ಕಂಡಿತು, ತುದಿಯಲ್ಲೊಂದು ಕವೆಗೋಲು. ನಲವತ್ತೊಂದು ಅಂಕ. ಅದರಿಂದ ಕೆಲಸವೇನೂ ಸಿಗಲಿಲ್ಲ, ನಾನು ಹುಡುಕಲೂ ಇಲ್ಲ. ಆದರೆ ಬ್ಯಾಂಕಿನಲ್ಲಿ ಫಾರಂ ಕೈಗಿಟ್ಟರೆ ಇನ್ನೊಬ್ಬರ ಮುಖ ನೋಡುವುದಿಲ್ಲ. ದೇವರು ಕೊಟ್ಟದ್ದನ್ನು ಎಣಿಸುವಾಗ ಇದನ್ನೂ ಸೇರಿಸಿಕೊಳ್ಳುತ್ತೇನೆ.

ಪಾಸಾದ ಮೇಲೂ ಆಟ ನಿಲ್ಲಲಿಲ್ಲ. ನಿಂತದ್ದು ಎರಡು ವರ್ಷದ ಹಿಂದೆ. "ಚೂಡು, ಬಳೆ" ಎಂದು ಅವರು ಬೆರಳಿಟ್ಟ ಜಾಗದಲ್ಲಿ ಏನೂ ಇರಲಿಲ್ಲ, ಬರೀ ಸೊನೆಯ ಕಲೆ. ನಾನು "ಹೌದತ್ತೆ" ಎಂದೆ. ಅತ್ತೆ ಆ ಜಾಗವನ್ನು ಬೆರಳಲ್ಲಿ ಸವರಿ ನೋಡಿ ಪೇಪರು ಮಡಚಿಟ್ಟರು. ಮತ್ತೆ ತರಲಿಲ್ಲ. ನಾನಾಡಿದ ಆ ಒಂದು ಸುಳ್ಳು ನನ್ನನ್ನು ಈವರೆಗೂ ಚುಚ್ಚುತ್ತಿತ್ತು.

ಫೋನು ಮತ್ತೆ ಹೊಡೆದುಕೊಂಡಿತು. ಯಜಮಾನರು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

"ನನ್ ಮಾನ ತೆಗೆದ್ಬಿಟ್ಲು ಕಣೇ! ಓದು ಬರದೋರಿಗೆ ಅಂತ ಡಾಕ್ಟ್ರು ಬೇರೆ ಬೋರ್ಡ್ ತೋರ್ಸಿದ್ರೆ, ಅದು ಬೇಡ, ಆ ಇಂಗ್ಲೀಷ್ ಬೋರ್ಡೇ ಇಡಿ ಅಂದ್ಲು. ಏಣಿ, ಬಳೆ, ಕವೆಗೋಲು ಅಂತ ಓದ್ತಾ ಹೋದ್ಲು. ಡಾಕ್ಟ್ರು ನನ್ ಮುಖ ನೋಡ್ತಾರೆ. ಪಕ್ಕದಲ್ಲಿ ನಿಂತು ಎಚ್ಚು, ಓ, ವೈ ಅಂತ ಒಂದೊಂದನ್ನೂ ಬಿಡಿಸಿ ಹೇಳ್ದೆ."

"ಎಷ್ಟು ಸಾಲು ಓದಿದ್ರು?"

"ಕೆಳಗಿನ ಎರಡು ಬಿಟ್ಟು ಎಲ್ಲಾ. ಸಂಜೆಗೆ ಮನೆಗೆ ಕಳಿಸ್ತಾರಂತೆ."

ಇಷ್ಟು ವರ್ಷ ನಗಾಡಿದ ಮನುಷ್ಯರಿಗೆ ಎಲ್ಲ ಹೆಸರೂ ಬಾಯಿಪಾಠ! ಅದನ್ನು ಆಡಿ ತೋರಿಸುವ ಮೊದಲೇ ಅತ್ತೆ ಫೋನು ಕಿತ್ತುಕೊಂಡಿದ್ದರು.

"ಅಮ್ಮಣ್ಣೀ, ನೋಟ್‌ಬುಕ್ ತೆಗಿ. ಇಲ್ಲಿ ಗೋಡೆ ಮೇಲೊಂದೈತೆ, ರೈಲಿದ್ದಂಗೆ. ಎರಡು ಏಣಿ, ಒಂದು ಕವೆಗೋಲು, ಮೂರು ಬಳೆ. ಒಟ್ಟು ಹದಿಮೂರು."

"ಹದಿಮೂರಾ ಅತ್ತೆ?"

"ಎರಡ್ಸಲ ಎಣಿಸಿದೀನಿ. ಸುಮ್ನೆ ಹೌದತ್ತೆ ಅಂದ್ಬಿಡ್ಬೇಡ. ಇವನ ಕೈಲಿ ಒಂದೊಂದೇ ಅಕ್ಷರ ಹೇಳಿಸ್ತೀನಿ, ಬರ್ಕೊಂಡು ನೀನೂ ಎಣಿಸು."

ಬರೆದುಕೊಂಡೆ. ಆಫ್ತಾಲ್ಮಾಲಜಿ. ಎಣಿಸಿದೆ. ಹದಿಮೂರು.

"ಅರ್ಥ ಏನಮ್ಮಾ?"

"ಕಣ್ಣಿನ ಚಿಕಿತ್ಸೆ ಅಂತ ಅತ್ತೆ."

"ಹಂಗಾದ್ರೆ ಕಣ್ಣಿಗೊಂದರಂಗೆ ಎರಡು ಏಣಿ ಬೇಕೇ ಬೇಕು ಬಿಡು" ಎಂದು ಇಟ್ಟರು.

ಮುಳಬಾಗಿಲ ಆಂಜನೇಯನಿಗೆ ಹರಕೆ ಹೊತ್ತಾಗ ನಾನು ಕೇಳಿಕೊಂಡದ್ದು ಅವರಿಗೆ ಬಚ್ಚಲಿನ ದಾರಿ ಕಾಣಿಸಲಿ ಎಂದಷ್ಟೇ. ಅವನು ಹದಿಮೂರು ಅಕ್ಷರ ಕೊಟ್ಟ.

ಚೀಟಿಯಲ್ಲಿ ಆ ಪದವನ್ನು ದಪ್ಪಕ್ಷರದಲ್ಲಿ ಬರೆದು, ನಾಲ್ಕು ಅಗುಳು ಅನ್ನ ಹಿಸುಕಿ, 'ಫೋಟೋಗ್ರಫಿ'ಯ ಮೇಲೆ ಅಂಟಿಸಿದೆ. ಪುಟವನ್ನು ಆರಲು ಬಿಟ್ಟು ಮಿಕ್ಕ ಅವರೆಯನ್ನೂ ಹಿದುಕಿ ಮುಗಿಸಿದೆ. ನಿನ್ನೆ ಒಬ್ಬಳಿಗಾಗಿ ಮುದ್ದೆ ತಿರುವಲು ಮನಸ್ಸಾಗದೆ ಮೊಸರನ್ನ ಉಂಡು ಮಲಗಿದ್ದೆ. ಸಂಜೆ ಸಾರು ಕುದಿಯಲು ಬಿಟ್ಟು, ಪಕ್ಕದ ಒಲೆಯ ಮೇಲೆ ಮೂರು ಜನಕ್ಕೆ ಎಸರಿಟ್ಟೆ.