ಸಿದ್ದರಾಜು ಬರೆದ ಬೆಲೆ

ಸಿದ್ದರಾಜು ಬರೆದದ್ದೇ ಸರಿಯಾಗಿತ್ತು. ತಪ್ಪಿದ್ದದ್ದು ನನ್ನ ಲೆಕ್ಕದಲ್ಲಿ. ಅದು ಗೊತ್ತಿದ್ದೂ ಎಂಟು ಜನರ ಮುಂದೆ ತಪ್ಪು ಅವನದೆಂದು ಹೇಳಿದೆ — ಹೇಳಿ, ನಾಲ್ಕು ವರ್ಷ ಸುಮ್ಮನಿದ್ದೆ.

ಸುತ್ತಿ ಬಳಸಿ ಹೇಳಿದರೆ ನನ್ನನ್ನು ನಾನೇ ಕಾಪಾಡಿಕೊಂಡ ಹಾಗಾಗುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಬದನಗುಪ್ಪೆಯ ಒಂದು ನೂಲಿನ ಕಾರ್ಖಾನೆಯಲ್ಲಿ ಲ್ಯಾಬ್ ಕೆಲಸದವಳು. ನೂಲು ಎಷ್ಟು ಎಳೆದರೆ ತುಂಡಾಗುತ್ತದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ಮನೆ ಗುಂಡ್ಲುಪೇಟೆ. ಸಿದ್ದರಾಜು ಭೀಮನಬೀಡಿನವನು, ಬೈಕನ್ನು ಗುಂಡ್ಲುಪೇಟೆಯಲ್ಲಿ ಬಿಟ್ಟು ನಾನು ಹತ್ತುವ ಕಂಪನಿ ಬಸ್ಸನ್ನೇ ಹತ್ತುತ್ತಿದ್ದ. ಯಂತ್ರದ ಮುಂದೆ ದಿನವಿಡೀ ನಿಂತು ಮಾಡುವ ಕೆಲಸ ಅವನದು. ನನಗಿಂತ ಆರು ವರ್ಷಕ್ಕೆ ಚಿಕ್ಕವನು, ಆಗಲೇ ಒಬ್ಬಳು ಮಗಳ ತಂದೆ. ನನ್ನನ್ನು ಅಕ್ಕ ಎನ್ನುತ್ತಿದ್ದ.

ಆಗ ನನಗೆ ಷೇರಿನ ಗೀಳು ಹತ್ತಿತ್ತು. ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವುದಲ್ಲ. ಇವತ್ತು ಕೊಂಡು ನಾಲ್ಕೈದು ದಿನದಲ್ಲಿ ಮಾರುವುದು. ಅದಕ್ಕೆ ಸ್ಕ್ರೀನರ್ ಎಂಬುದೊಂದಿದೆ. ನಾವು ಷರತ್ತು ಕೊಟ್ಟರೆ ನೂರಾರು ಷೇರುಗಳನ್ನು ಜರಡಿ ಹಿಡಿದು ನಾಲ್ಕೋ ಐದೋ ಹೆಸರು ಮುಂದಿಡುತ್ತದೆ. ನನ್ನ ಷರತ್ತು ಎರಡು: ಇವತ್ತು ಮಾರುಕಟ್ಟೆ ಮುಚ್ಚುವಾಗ ಷೇರಿನ ಬೆಲೆ ಹಿಂದಿನ ಇಪ್ಪತ್ತು ದಿನಗಳ ಬೆಲೆಯನ್ನೆಲ್ಲ ಮೀರಿರಬೇಕು, ದಿನಾ ಆಗುವುದಕ್ಕಿಂತ ಎರಡರಷ್ಟು ವ್ಯಾಪಾರ ಇವತ್ತು ನಡೆದಿರಬೇಕು. ಹಳೆಯ ಎರಡು ವರ್ಷದ ಬೆಲೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದೆ. ಹತ್ತರಲ್ಲಿ ಏಳು ಸಲ ಗೆಲುವು ಬಂತು.

ಆ ಲೆಕ್ಕದ ಹಾಳೆಯನ್ನು ಕ್ಯಾಂಟೀನಿನಲ್ಲಿ ತೋರಿಸಿದ ದಿನ ನನ್ನ ಸುತ್ತ ಜನ ಸೇರಿದರು. ಹನ್ನೊಂದು ವರ್ಷದ ಸರ್ವಿಸ್‌ನಲ್ಲಿ ಯಾರೂ ನನ್ನ ಸುತ್ತ ಹಾಗೆ ಸೇರಿದ್ದಿಲ್ಲ — ಇದನ್ನು ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಇದರಿಂದಲೇ ಹುಟ್ಟಿತು.

ಆದರೂ ಆಗ ನಾನು ಸರಿಯಾದ ಮಾತನ್ನೇ ಹೇಳಿದ್ದೆ. ಯಾರೂ ದುಡ್ಡು ಹಾಕಬೇಡಿ, ಎರಡು ತಿಂಗಳು ಬರೀ ಪುಸ್ತಕದಲ್ಲಿ ಬರೆದು ನೋಡೋಣ ಎಂದೆ. ಬರೆಯುವವರು ಯಾರು? ಸಿದ್ದರಾಜು ಕೈ ಎತ್ತಿದ. ಅವನ ಅಕ್ಷರ ಮುದ್ದಾಗಿತ್ತು. ದಿನಾ ಸಂಜೆ ವಾಪಸ್ ಹೋಗುವಾಗ, ತೆರಕಣಾಂಬಿ ಬರುವುದರೊಳಗೆ, ಮೊಬೈಲ್ ನೋಡಿ ನೋಡಿ ಪುಸ್ತಕ ತುಂಬಿಸುತ್ತಿದ್ದ. ಬಸ್ಸು ಕುಲುಕಿದರೆ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದ. ಅದೇ ಷೇರುಗಳನ್ನು ನಾನು ಮನೆಯಲ್ಲಿ ನನ್ನ ಹಾಳೆಗೂ ಸೇರಿಸುತ್ತಿದ್ದೆ.

ಐದನೇ ವಾರಕ್ಕೆ ಎರಡೂ ಬೇರೆ ಬೇರೆ ದಾರಿ ಹಿಡಿದವು. ನನ್ನ ಹಾಳೆಯಲ್ಲಿ ಗೆಲುವು, ಅವನ ಪುಸ್ತಕದಲ್ಲಿ ಸೋಲು.

ಒಂದು ಭಾನುವಾರ ಅವನ ಪುಸ್ತಕವನ್ನು ಮನೆಗೆ ತಂದು ಸಾಲು ಸಾಲಾಗಿ ನೋಡಿದೆ. ಕಂಡುಹಿಡಿಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಸ್ಕ್ರೀನರ್ ಹೆಸರು ಕೊಡುವುದು ಆ ದಿನದ ಮಾರುಕಟ್ಟೆ ಮುಚ್ಚಿದ ಮೇಲೆ. ನಾನು ಮಾತ್ರ ಅದು ಮುಚ್ಚುವಾಗ ಇದ್ದ ಬೆಲೆಗೇ ಕೊಂಡಂತೆ ಬರೆದುಕೊಂಡಿದ್ದೆ. ಬಾಗಿಲು ಹಾಕಿದ ಅಂಗಡಿಯಲ್ಲಿ ಸಾಮಾನು ಕೊಂಡ ಹಾಗೆ — ಆ ಬೆಲೆಗೆ ಯಾರಿಗೂ ಸಿಕ್ಕುವುದಿಲ್ಲ. ಮಾರನೇ ಬೆಳಿಗ್ಗೆ ಅಂಥ ಷೇರು ಹೆಚ್ಚಿನ ಸಲ ಮೇಲಿನ ಬೆಲೆಯಲ್ಲೇ ಶುರುವಾಗುತ್ತದೆ. ಸಿದ್ದರಾಜು ಬರೆದದ್ದು ಆ ಬೆಳಗಿನ ಬೆಲೆಯನ್ನು. ನಿಜವಾಗಿ ಸಿಕ್ಕುವ ಬೆಲೆಯನ್ನು. ಹಾಗೆ ಬರಿ ಎಂದು ನಾನು ಹೇಳಿರಲಿಲ್ಲ. ಅವನಿಗೇ ತೋಚಿತ್ತು.

ಕಂಪ್ಯೂಟರಿನಲ್ಲಿದ್ದ ನನ್ನ ಹಾಳೆಯಲ್ಲಿ ಕೊಳ್ಳುವ ಬೆಲೆಯ ಆ ಒಂದು ಸಾಲನ್ನು ತಿದ್ದಿದೆ. ಎರಡು ವರ್ಷದ ಗೆಲುವೆಲ್ಲ ಹೋಯಿತು. ತಿದ್ದಿದ್ದನ್ನು ಅಳಿಸಿ ಮೊದಲಿದ್ದ ಹಾಗೇ ಮಾಡಿದೆ. ಆ ಕ್ಷಣದಲ್ಲಿ ಏನು ಯೋಚಿಸಿದೆ ಎಂದು ಎಷ್ಟೋ ಸಲ ನೆನಪು ಮಾಡಿಕೊಳ್ಳಲು ನೋಡಿದ್ದೇನೆ — ದೊಡ್ಡದೇನೂ ಯೋಚಿಸಲಿಲ್ಲ. ನಾಳೆ ಕ್ಯಾಂಟೀನಿನಲ್ಲಿ ಮುಖ ತೋರಿಸುವುದು ಹೇಗೆ, ಅಷ್ಟೇ.

ಸೋಮವಾರ ಟೀ ಹೊತ್ತಿನಲ್ಲಿ ಪ್ಯಾಕಿಂಗಿನ ನಂಜಪ್ಪಣ್ಣ ಕೇಳಿದರು, "ಏನವ್ವಾ, ನಿಂದೊಂದ್ ತರ ಬತ್ತದೆ, ಇವ್ನುದೊಂದ್ ತರ ಬತ್ತದೆ. ಯಾವ್ದು ದಿಟ?"

ನಾನು ನಗುತ್ತಾ ಹೇಳಿದೆ, "ಸಿದ್ದರಾಜು ಬೆಲೆ ತಪ್ಪು ಬರ್ದವ್ನೆ ಕಣಣ್ಣ. ಅವ್ನಿಗೆ ಅಂಕಿ ಹಿಡಿಯಕ್ಕೆ ಬರಲ್ಲ, ಬುಡಿ."

ಎಲ್ಲರೂ ನಕ್ಕರು. ಸಿದ್ದರಾಜು ಪುಸ್ತಕ ತಿರುವಿ ಎರಡು ಪುಟ ನೋಡಿದ. ವಾದ ಮಾಡುತ್ತಾನೆಂದು ನಾನು ಕಾದೆ. ಮಾಡಿದ್ದರೆ ಬಹುಶಃ — ಇಲ್ಲ, ಅದನ್ನೂ ಅವನ ಮೇಲೆ ಹಾಕಬಾರದು.

"ಇರ್ಬೋದು ಅಕ್ಕ," ಎಂದ. "ಪಿಯುಸೀಲೂ ನಂಗೆ ಓಗಿದ್ದು ಲೆಕ್ಕನೇ."

ಆಮೇಲೆ ಐದಾರು ಜನ ನನ್ನ ಹಾಳೆ ನಂಬಿ ದುಡ್ಡು ಹಾಕಿದರು. ಬೇಡವೆಂದು ನಾನು ತಡೆಯಲಿಲ್ಲ. ಎಲ್ಲರಿಗೂ ಒಂದಿಷ್ಟು ಹೋಯಿತು. ಮಾರ್ಕೆಟ್ಟೇ ಸರಿ ಇಲ್ಲ ಎಂದೆ, ಒಪ್ಪಿಕೊಂಡರು. ಸಿದ್ದರಾಜು ಮಾತ್ರ ಹಾಕಿರಲಿಲ್ಲ. ಲೆಕ್ಕ ಬಾರದವನಿಗೆ ಅದೆಲ್ಲ ಯಾಕೆ ಅಂದನಂತೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮರೆತೇಬಿಡುತ್ತಿದ್ದೆನೇನೋ. ಆರು ತಿಂಗಳಿಗೆ ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಾಯಿತು. ಕೂತು ಮಾಡುವ ಕೆಲಸ, ಸಂಬಳವೂ ಸ್ವಲ್ಪ ಹೆಚ್ಚು. ಸಿದ್ದರಾಜುವಿನ ಅಕ್ಷರ, ಅಚ್ಚುಕಟ್ಟು ನೋಡಿದ್ದ ಮ್ಯಾನೇಜರು ಅವನನ್ನು ಲ್ಯಾಬಿಗೇ ಕರೆಸಿ ಕೇಳಿದರು. ನಾನು ಅಲ್ಲೇ ಇದ್ದೆ.

"ಬ್ಯಾಡ ಸಾರ್," ಎಂದ ಅವನು. "ಅಂಕಿ ಕೆಲ್ಸ ನನ್ ಕೈಲಾಗಲ್ಲ. ಬೇಕಾರೆ ಅಕ್ಕನ್ನೇ ಕೇಳಿ."

ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ನೂಲನ್ನು ಯಂತ್ರಕ್ಕೆ ಸಿಕ್ಕಿಸುತ್ತಿದ್ದೆ. ಸಿಕ್ಕಿಸುತ್ತಲೇ ಇದ್ದೆ. ಕ್ಯಾಂಟೀನಿನ ಮಾತು ಬಾಯಿ ತಪ್ಪಿ ಬಂತು ಎಂದಾದರೂ ಹೇಳಬಹುದು. ಈ ಮೌನ ಹಾಗಲ್ಲ. ಇದನ್ನು ನಾನು ಬೇಕೆಂದೇ ಮಾಡಿದೆ. ಆ ಜಾಗಕ್ಕೆ ಮೈಸೂರಿನಿಂದ ಒಬ್ಬ ಹುಡುಗಿ ಬಂದಳು.

ಮೊನ್ನೆ ಯುಗಾದಿ ಕಳೆದ ಮೇಲೆ, ಸಂಜೆಯ ಬಸ್ಸಿನಲ್ಲಿ, ಸಿದ್ದರಾಜು ಹತ್ತಿರ ಬಂದು ಕೂತ. ಹೇಳುವುದಕ್ಕೆ ಸಂಕೋಚ ಅವನಿಗೆ.

"ಅಕ್ಕ, ನಮ್ ಕಾವ್ಯ ಏಳ್ನೇ ಕ್ಲಾಸು. ಲೆಕ್ಕದ್ ಪುಸ್ತಕ ಕಂಡ್ರೆ ಅಳ್ತಾಳೆ. ಒಂದೆಲ್ಡು ಭಾನ್ವಾರ ಬಂದು ಯೋಳ್ಕೊಟ್ರೆ... ನಮ್ ಮನೆತನಕ್ಕೇ ಬರಲ್ಲ ಅದು. ನೀವೇ ಅವತ್ತು ಕಂಡುಹಿಡುದ್ರಲ್ಲ."

ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ನಾನು ಹೇಳಿದ ಸುಳ್ಳು ಮಗಳವರೆಗೂ ಹೋಗಿತ್ತು.

ಆ ಭಾನುವಾರ ಬೆಳಿಗ್ಗೆ ಭೀಮನಬೀಡಿಗೆ ಹೋದೆ. ಅವನ ಹೆಂಡತಿ ರತ್ನ ಜಗಲಿಯ ಮೇಲೆ ಸಾಂಬಾರ್ ಈರುಳ್ಳಿ ಆಯುತ್ತಿದ್ದಳು. ಕಾವ್ಯಳಿಗೆ ಹತ್ತು ಲೆಕ್ಕ ಕೊಟ್ಟೆ. ಪ್ರತಿಯೊಂದಕ್ಕೂ ಮೊದಲು "ಬರಲ್ಲ" ಎಂದು ಹೇಳಿ, ಆಮೇಲೆ ಎಂಟನ್ನು ಸರಿಯಾಗಿ ಮಾಡಿದಳು. ಅವಳು ಒಳಗೆ ಹೋದ ಮೇಲೆ ಸಿದ್ದರಾಜುವಿಗೆ ಎಲ್ಲವನ್ನೂ ಹೇಳಿದೆ — ಮುಚ್ಚಿದ ಬೆಲೆ, ಬೆಳಗಿನ ಬೆಲೆ, ತಿದ್ದಿ ಅಳಿಸಿದ್ದು, ಮ್ಯಾನೇಜರ ಮುಂದೆ ಬಾಯಿ ಬಿಡದಿದ್ದುದು.

ರತ್ನಳ ಕೈ ನಿಂತಿತ್ತು.

"ಅಂಗಾರೆ ನಾ ಬರ್ದಿದ್ದು ಸರಿ ಇತ್ತಾ?"

"ಸರಿ ಇತ್ತು."

"ಎಲ್ಲಾನೂವಾ?"

"ಒಂದೂ ತಪ್ಪಿರ್ಲಿಲ್ಲ ಸಿದ್ದರಾಜು."

"ನಿಮ್ಗೆ ಅವತ್ತೇ ಗೊತ್ತಿತ್ತಾ ಅಕ್ಕ?"

"ಹಿಂದಿನ ದಿನಾನೇ ಗೊತ್ತಿತ್ತು."

ರತ್ನ ತಲೆ ಎತ್ತದೆ ಹೇಳಿದಳು, "ಅವತ್ತು ಇವ್ರು ಮನೆಗ್ ಬಂದೋರು ಉಣ್ನಿಲ್ಲ. ನಾನು ದಡ್ಡ ಕಣಮ್ಮಿ ಅಂದ್ರು. ಆ ಪುಸ್ತಕನ ಒಲೆಗೆ ಆಕುದ್ರು."

ಸಿದ್ದರಾಜು ಮಗಳನ್ನು ಕೂಗಿ ಕರೆದ. "ಬಾ ಇಲ್ಲಿ. ಅಕ್ಕ ಅದೇನೋ ಯೋಳ್ತರೆ, ಕೇಳ್ಕೊ." ನನ್ನ ಕಡೆ ತಿರುಗಿ, "ನಂಗೇಳಿದ್ದ ಅವಳ್ಗೂ ಯೋಳಿ," ಎಂದ.

ಹನ್ನೆರಡು ವರ್ಷದ ಹುಡುಗಿಯ ಮುಂದೆ ಎರಡನೇ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಅವಳಿಗೆ ಷೇರು ಗೊತ್ತಿಲ್ಲ. ನಿಮ್ಮಪ್ಪ ಸರಿಯಾಗಿ ಮಾಡಿದ್ದರು, ನಾನು ತಪ್ಪು ಮಾಡಿದ್ದೆ, ಅದನ್ನು ತಿರುಗಿಸಿ ತಪ್ಪು ಅವರದೆಂದೆ — ಇಷ್ಟೇ ಹೇಳಿದೆ.

"ಯಾಕ್ ಅಂಗಂದ್ರಿ?" ಎಂದಳು.

"ನನ್ ತಪ್ಪು ಯಾರ್ಗೂ ಕಾಣ್ಬಾರ್ದು ಅಂತ ಕಣಮ್ಮಿ."

ಅವಳು ಅಪ್ಪನ ಮುಖ ನೋಡಿದಳು. ನಾನು ಕ್ಷಮಿಸು ಎಂದಾಗ ಸಿದ್ದರಾಜು ಎದ್ದು ಚಪ್ಪಲಿ ಮೆಟ್ಟಿದ. ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದ. ಬಸ್ಸು ಬರುವಾಗ ಹೇಳಿದ, "ಉಡುಗೀಗೆ ಇನ್ಮ್ಯಾಕೆ ನಾನೇ ಯೋಳ್ಕೊಡ್ತೀನಿ. ನೀವು ಬರೋದ್ ಬ್ಯಾಡ ಅಕ್ಕ."

ಮಾರನೇ ದಿನ ಕ್ಯಾಂಟೀನಿನಲ್ಲಿ ಎದ್ದು ನಿಂತು ಹೇಳಿದೆ. ಆ ದಿನ ನಕ್ಕಿದ್ದ ಎಂಟು ಜನರಲ್ಲಿ ಮೂವರು ಮಾತ್ರ ಕಾರ್ಖಾನೆಯಲ್ಲಿ ಉಳಿದಿದ್ದಾರೆ. ನಂಜಪ್ಪಣ್ಣ ರಿಟೈರಾಗಿ ಪುಣಜನೂರಿನಲ್ಲಿದ್ದಾರೆ. ಮುಂದಿನ ಭಾನುವಾರ ಅಲ್ಲಿಗೂ ಹೋಗಿ ಹೇಳಿ ಬಂದೆ. ದುಡ್ಡು ಕಳೆದುಕೊಂಡವರು ಬೈದರು. ಬೈಸಿಕೊಂಡೆ. ಮ್ಯಾನೇಜರಿಗೂ ಬರೆದುಕೊಟ್ಟೆ. ಲ್ಯಾಬಿನಲ್ಲಿ ಈಗ ಖಾಲಿ ಜಾಗವಿಲ್ಲ, ಆದರೆ ನೋಡೋಣ ಎಂದಿದ್ದಾರೆ.

ಸಿದ್ದರಾಜು ಈಗಲೂ ಯಂತ್ರದ ಮುಂದೆ ನಿಂತಿದ್ದಾನೆ. ನನ್ನನ್ನು ಕಂಡರೆ "ಬಂದ್ರಾ ಅಕ್ಕ" ಎನ್ನುತ್ತಾನೆ. ಕ್ಷಮಿಸಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ನಾನಾಗಿ ಕೇಳುವುದಿಲ್ಲ.