ಹನ್ನೊಂದು ಗಂಟೆಯ ಸಂಚಿ

ನೀರು ಬಿಡುವ ದಿನವಾದರೆ ಐದಕ್ಕೆ ಮೊದಲೇ ಎದ್ದು ನಲ್ಲಿಗೆ ಪೈಪು ಸಿಗಿಸುವುದು. ಕೊಡ, ಹಂಡೆ, ಡ್ರಮ್ಮು ತುಂಬುವುದು. ಅಂಗಳ ಗುಡಿಸಿ ನೀರು ಹೊಡೆಯುವುದು. ಬಚ್ಚಲ ಒಲೆಗೆ ಉರಿ ಹಾಕುವುದು. ರಾತ್ರಿಯ ಪಾತ್ರೆ ತಿಕ್ಕುವುದು. ಹಿಟ್ಟು ನಾದಿ ಇಪ್ಪತ್ತೆರಡು ರೊಟ್ಟಿ ಬಡಿಯುವುದು. ಬದನೆಕಾಯಿ ಪಲ್ಯ, ಬೇಳೆ. ಗಂಡ ಅಜ್ಜಪ್ಪನಿಗೆ ಹಾಸಿಗೆಯ ಹತ್ತಿರವೇ ಚಹಾ. ಇಷ್ಟೂ ಬೆಳಕು ಹರಿಯುವುದರೊಳಗೆ. ನಾಲ್ಕು ತಿಂಗಳಿಂದ ಚೌಡವ್ವನಿಗೆ ಇನ್ನೊಂದು ಕೆಲಸ ಸೇರಿಕೊಂಡಿತ್ತು. ಅದನ್ನು ಮಾತ್ರ ಯಾರಿಗೂ ಕಾಣದಂತೆ ಮಾಡುತ್ತಿದ್ದಳು: ಬೇಳೆಗೆ ಖಾರ ಬೀಳುವ ಮುಂಚೆ ಎರಡು ಸೌಟು ಸಣ್ಣ ಪಾತ್ರೆಗೆ ತೆಗೆದು ಹಿಟ್ಟಿನ ಡಬ್ಬಿಯ ಹಿಂದೆ ಇಡುವುದು.

ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸುವ ಹದಿನಾಲ್ಕು ಹೆಂಗಸರಿದ್ದಾರೆ. ಐವತ್ತೆರಡರ ಚೌಡವ್ವ ಅವರಲ್ಲಿ ಹಿರಿಯಳು. ಕಾಯಿ ಹಿಡಿದು ನೋಡಿದರೆ ಸಾಕು, ಬಣ್ಣವೆಷ್ಟು ಖಾರವೆಷ್ಟು ಎಂದು ಹೇಳಿಬಿಡುತ್ತಾಳೆ. ಅಂಥವಳಿಗೆ ಈಗ ಚೂರು ಖಾರ ತಗುಲಿದರೆ ಬಾಯೆಲ್ಲ ಕೆಂಡ. ಬ್ಯಾಡಗಿಯಲ್ಲಿದ್ದುಕೊಂಡು ಸಪ್ಪೆ ಬೇಳೆ ಉಣ್ಣುತ್ತಾಳೆಂದರೆ ಜನ ನಕ್ಕಾರು ಎಂದು ಬಚ್ಚಿಟ್ಟಿದ್ದಳು.

ಪಾತ್ರೆ ಸಿಕ್ಕಿದ್ದು ಸೊಸೆ ನಾಗಲಕ್ಷ್ಮಿಗೆ.

"ಅತ್ತಿ, ಇದೇನಿದು?"

"ಮೈಲಾರಲಿಂಗನ ವಾರ ಹಿಡಿದೇನಿ. ಖಾರ ಮುಟ್ಟಂಗಿಲ್ಲ."

"ಮೈಲಾರಲಿಂಗನ ವಾರ ರವಿವಾರ. ಇವತ್ತ ಬುಧವಾರ."

"ಬುಧವಾರನೂ ಹಿಡಿದೇನಿ."

"ನಿನ್ನೆ ಮಂಗಳವಾರನೂ ಪಾತ್ರಿ ಇಲ್ಲೇ ಇತ್ತು. ದೇವರಗುಡ್ಡದ ಪೂಜಾರಿನೂ ಇಷ್ಟ ವಾರ ಹಿಡಿಯಂಗಿಲ್ಲ ಬಿಡ್ರಿ. ಎಲ್ಲೆ, ಬಾಯಿ ತಗೀರಿ ನೋಡೂಣು."

ಬಾಯಿ ಪೂರ್ತಿ ತೆರೆಯಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಎಡಗೆನ್ನೆಯ ಒಳಗೆ, ದಿನಾ ತಂಬಾಕು ಒತ್ತರಿಸುವ ಜಾಗದಲ್ಲಿ, ಬಿಳಿ ಮಚ್ಚೆ. ಮರುದಿನವೇ ಅತ್ತೆ ಸೊಸೆ ಹಾವೇರಿಯ ಬಸ್ಸು ಹತ್ತಿದರು. ಆ ದಿನವೂ ರೊಟ್ಟಿ ಇಪ್ಪತ್ತೆರಡೇ. ಬಸ್ಸಿನ ಸಲುವಾಗಿ ಒಲೆ ಒಂದು ತಾಸು ಮೊದಲೇ ಹೊತ್ತಿತು, ಅಷ್ಟೇ.

ಹಲ್ಲಿನ ಡಾಕ್ಟರಬಾಯಿ ಚೌಡವ್ವನ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಲು ಹೇಳಿದಳು. ಎರಡೇ ಹೋದವು.

"ತಂಬಾಕ ಎಷ್ಟ ವರ್ಷದಿಂದ?"

"ಮಗ ಹುಟ್ಟಿದಾಗಿಂದರಿ. ಅವಗೀಗ ಮೂವತ್ತೊಂದು."

ಬಾಣಂತಿತನ ಮುಗಿದು ಹೊಲಕ್ಕೆ ಹೋಗುವ ಹೊತ್ತಿಗೆ ಮೊದಲ ಚಿಟಿಕೆ ಕೊಟ್ಟವಳು ಅವಳ ಅತ್ತೆ. ಮನೆಯವರೆಲ್ಲ ಉಂಡು ಎದ್ದ ಮೇಲೆ ಬುಟ್ಟಿಯಲ್ಲಿ ರೊಟ್ಟಿ ಉಳಿಯದ ದಿನಗಳವು. "ಇದನ್ನ ದವಡ್ಯಾಗ ಇಟ್ಗೊ, ಹಸಿವು ಗೊತ್ತಾಗೂದಿಲ್ಲ" ಎಂದಿದ್ದಳು. ಅತ್ತೆಗೂ ಯಾರೋ ಹಾಗೆಯೇ ಹೇಳಿ ಕೊಟ್ಟಿರಬೇಕು. ಚೌಡವ್ವನ ತವರು ಮೇಡ್ಲೇರಿಯಲ್ಲಿ ಅಪ್ಪ ಹೊಳೆದಂಡೆಯ ಹೊಲದಲ್ಲಿ ನಾಲ್ಕು ಸಾಲು ತಂಬಾಕು ಹಾಕುತ್ತಿದ್ದ. ಎಲೆ ಒಣಗಿಸಿ ಹೊರೆ ಕಟ್ಟುವುದು ಅವ್ವನ ಕೆಲಸ. ಸಂಜೆಗೆ ಅವ್ವನ ತಲೆ ತಿರುಗಿದರೆ ಬಿಸಿಲಿಗೆ ಅಂದುಕೊಳ್ಳುತ್ತಿದ್ದರು. ಈಗ ಆ ಹೊಲದಲ್ಲಿ ಗೋವಿನಜೋಳ. ಹೊಲದಿಂದ ಹೋದ ತಂಬಾಕು ಅಂಗಡಿಯ ಮುಂದೆ ಗುಟಕಾದ ಬಣ್ಣದ ಚೀಟುಗಳ ಮಾಲೆಯಾಗಿ ಜೋತುಬಿದ್ದಿದೆ. ಬೆಳೆಯುವವರು ಕಾಣೆಯಾದರು, ತಿನ್ನುವವರಿಗೇನೂ ಕಡಿಮೆಯಿಲ್ಲ.

ಡಾಕ್ಟರಬಾಯಿ ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಹತ್ತು ದಿನದ ಮೇಲೆ ವರದಿ ಬಂತು.

"ಸದ್ಯ ಕೆಟ್ಟದ್ದೇನಿಲ್ಲ. ಆದರ ತಂಬಾಕ, ಅಡಿಕಿ ಎರಡೂ ಬಿಡಬೇಕು. ಬಿಡದಿದ್ದರ ಇದ ಕ್ಯಾನ್ಸರ್ ಆಗಬಹುದು. ಮೂರು ತಿಂಗಳಿಗೊಮ್ಮಿ ಬಂದು ತೋರಸ್ರಿ."

ಅಂದಿನಿಂದ ಮನೆಯ ಬೇಳೆ ಪೂರ್ತಿ ಸಪ್ಪೆಯಾಯಿತು. ಎರಡೆರಡು ಪಾತ್ರೆ ಯಾರು ತೊಳೆಯಬೇಕು ಎನ್ನುತ್ತ ನಾಗಲಕ್ಷ್ಮಿಯೇ ಆ ಬದಲಾವಣೆ ಮಾಡಿದಳು. ಅಜ್ಜಪ್ಪ ಮೊದಲ ತುತ್ತಿಗೇ ಮುಖ ಹಿಂಡಿದ.

"ಇದೇನ ದವಾಖಾನಿ ಊಟ?"

ನಾಗಲಕ್ಷ್ಮಿ ಖಾರಪುಡಿಯ ಡಬ್ಬಿ ತಂದು ಮುಂದಿಟ್ಟಳು. "ಬೇಕಾದಷ್ಟ ಹಾಕ್ಕೊಳ್ರಿ ಮಾವಾರ. ಚಮಚಾ ಒಳಗ ಐತಿ."

ಮನೆಯ ಕಥೆ ಹೀಗೆ ಸರಿಯಾಯಿತು. ಮೆಣಸಿನಕಾಯಿ ಅಂಗಳದ್ದು ಆಗಲಿಲ್ಲ.

ಅಂಗಳದಲ್ಲಿ ಬೆಳಿಗ್ಗೆ ಎಂಟಕ್ಕೆ ಕುಳಿತರೆ ಊಟಕ್ಕೇ ಏಳುವುದು. ನಡುವೆ ಚಹಾಕ್ಕೆ ಬಿಡುವಿಲ್ಲ, ಕಾಲು ಚಾಚಲು ಬಿಡುವಿಲ್ಲ. ಎಲೆ-ಅಡಿಕೆಗೆ ಮಾತ್ರ ಇದೆ. ಹನ್ನೊಂದಕ್ಕೆ ಚೌಡವ್ವ ಟೊಂಕದಿಂದ ಬಟ್ಟೆಯ ಸಂಚಿ ತೆಗೆಯುತ್ತಾಳೆ. ಎಲೆ, ಅಡಿಕೆ, ಸುಣ್ಣ, ತಂಬಾಕು ಕೈಯಿಂದ ಕೈಗೆ ಹೋಗುತ್ತದೆ. ಸಂಚಿ ಬಿಚ್ಚಿ ಕುಳಿತ ಹೆಂಗಸನ್ನು ಏಳು ಅನ್ನುವುದು ಆ ಅಂಗಳದ ಮರ್ಯಾದೆಯಲ್ಲ. ಆ ಕಾಲು ಗಂಟೆಯಲ್ಲೇ ಒಬ್ಬಳು ಸೊಂಟ ನೇರ ಮಾಡುತ್ತಾಳೆ, ಒಬ್ಬಳು ಮರೆಗೆ ಹೋಗಿ ಬರುತ್ತಾಳೆ, ಒಬ್ಬಳು ಮನೆಗೆ ಫೋನ್ ಹಚ್ಚಿ ಹಾಲು ಕಾಯಿಸಿದ್ದೀರಾ ಎಂದು ಕೇಳುತ್ತಾಳೆ. ಮೇಲುಸ್ತುವಾರಿಯ ವಿಜಯಮಹಾಂತೇಶ ಅಡ್ಡಿ ಮಾಡುವುದಿಲ್ಲ. ಅವನ ಬಾಯಲ್ಲಿ ಸದಾ ಗುಟಕಾ. ಬೇಡ ಅನ್ನಬೇಕೆಂದರೆ ಮೊದಲು ಉಗುಳಬೇಕು.

ವರದಿ ಬಂದ ಮರುದಿನ ಹನ್ನೊಂದಕ್ಕೆ ಚೌಡವ್ವ ಸಂಚಿ ಬಿಚ್ಚಿ, ತಾನು ತೆಗೆದುಕೊಳ್ಳದೆ, ಎಲ್ಲವನ್ನೂ ಹೇಳಿದಳು. ಮೂರು ಬೆರಳಿನ ಪರೀಕ್ಷೆಯನ್ನೂ ಹೇಳಿದಳು. ಹೇಳಿ ಮುಗಿಸುವುದರೊಳಗೆ ಹದಿಮೂರು ಹೆಂಗಸರ ಕೈ ಹದಿಮೂರು ಬಾಯಿಯಲ್ಲಿತ್ತು. ಮುಂಜಾನೆಯಿಂದ ಮೆಣಸಿನಕಾಯಿ ಬಿಡಿಸಿದ ಕೈ.

ಮುಂದಿನದು ಅಂಗಳ ಹಿಂದೆಂದೂ ನೋಡದ ಓಟ. ನೀರಿನ ಡ್ರಮ್ಮಿನ ಸುತ್ತ ಉಗುಳುವವರು, ಸೆರಗಿನಿಂದ ನಾಲಿಗೆ ಒರೆಸುವವರು, ಅಳುತ್ತಲೇ ನಗುವವರು. ರಾಣೆಬೆನ್ನೂರಿನಲ್ಲಿ ಇಪ್ಪತ್ತು ವರ್ಷ ಬೀಡಿ ಸುತ್ತಿ ಆಮೇಲೆ ಇಲ್ಲಿಗೆ ಬಂದ ರಹಿಮತಬಿ ನೆಲದ ಮೇಲೇ ಕುಳಿತುಬಿಟ್ಟಳು.

"ಬೀಡಿ ಬಿಟ್ಟು ಇಲ್ಲಿಗೆ ಬಂದೆ, ಕೆಮ್ಮು ಹೋಗಿ ಸೀನು ಬಂತು. ಈಗ ನೀ ಬಾಯಿಗೂ ಬೆಂಕಿ ಹಚ್ಚಿದಿ. ಕೈ ತೊಳಕೊಳ್ರಿ ಅಂತ ಮೊದಲ ಹೇಳಬಾರದೇನವಾ?"

"ನಿಮಗೆಲ್ಲಾ ಇಷ್ಟ ಅವಸರ ಐತಿ ಅಂತ ನನಗೇನ ಗೊತ್ತು?"

ಕೈ ತೊಳೆದು ಮತ್ತೆ ನೋಡಿಕೊಂಡಾಗ ಐದು ಜನಕ್ಕೆ ಎರಡೇ ಬೆರಳು ಹೋದವು. ಆಗ ನಗು ತುಸು ಇಳಿಯಿತು. ಮುಂದಿನ ವಾರ ಹಾವೇರಿಗೆ ಹೋಗುವುದೆಂದು ಐವರೂ ಮಾತಾಡಿಕೊಂಡರು. ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದಾಗ ವಿಜಯಮಹಾಂತೇಶ ಚೌಡವ್ವನ ಬಳಿ ಬಂದು ಮೆಲ್ಲಗೆ ಕೇಳಿದ: "ಎಷ್ಟ ಬಟ್ಟ ಹೋಗಬೇಕಂದಿ?" ಅವಳು ಮೂರು ಬೆರಳು ತೋರಿಸಿದಳು. ಅವನು ಗೋದಾಮಿನ ಹಿಂದೆ ಹೋದ. ಬಂದ ಮೇಲೆ ಎಷ್ಟು ಹೋದವು ಎಂದು ಹೇಳಲಿಲ್ಲ.

ಆದರೆ ಚೌಡವ್ವನಿಗೆ ಬಿಡುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ತಲೆನೋವು ಬಂತು, ಮನೆಯವರಿಗೆಲ್ಲ ಬೈಗುಳ ಸಿಕ್ಕಿತು. ಅದನ್ನೆಲ್ಲ ತಡೆದುಕೊಂಡವಳು ಸೋತದ್ದು ಸಂಚಿಯ ಮುಂದೆ. ಉಳಿದವರಿಗಾಗಿ ದಿನಾ ಬಿಚ್ಚಬೇಕು. ಬಿಚ್ಚಿದರೆ ವಾಸನೆ ಮೂಗಿಗೆ ಹೊಡೆಯುತ್ತದೆ. ನಾಲ್ಕನೆಯ ದಿನ ಕೈ ತಾನಾಗಿಯೇ ಚಿಟಿಕೆ ಎತ್ತಿ ಕೆನ್ನೆಗೆ ಒತ್ತರಿಸಿತು. ರಹಿಮತಬಿ ನೋಡಿದಳು. ಚೌಡವ್ವ ಉಗುಳಿದಳು.

"ನಾ ಇದನ್ನ ಒಗೀತೇನಿ ನೋಡ ರಹಿಮತಬಿ."

"ಒಗದರ ಹನ್ನೊಂದಕ್ಕ ನಾವು ಏನಂತ ಏಳೂದು? ತಂಬಾಕ ಒಗಿ, ಸಂಚಿ ಇಟ್ಗೊ. ಒಳಗ ಸೋಂಪು ತುಂಬು. ವಿಜಯಮಹಾಂತೇಶಗೇನ ಗೊತ್ತಾಗತೈತಿ?"

ಮಾತು ಸರಿಯೆನಿಸಿತು. ಮರುದಿನ ನಸುಕಿನಲ್ಲಿ, ಇಪ್ಪತ್ತೆರಡನೆಯ ರೊಟ್ಟಿ ಬೇಯುತ್ತಿರುವಾಗ, ಚೌಡವ್ವ ಸಂಚಿಯನ್ನು ಕೊಡವಿ ಸೋಂಪು ತುಂಬಿದಳು. ಮೂವತ್ತೊಂದು ವರ್ಷದ ಬಟ್ಟೆ. ಸೋಂಪಿಗೂ ತಂಬಾಕಿನ ವಾಸನೆಯೇ ಹತ್ತಿತು. ಟೊಂಕಕ್ಕೆ ಸಿಕ್ಕಿಸಿಕೊಂಡಳು. ಬುತ್ತಿ ಕಟ್ಟಿದಳು. ಹೊಸ್ತಿಲು ದಾಟುವಾಗ ಆ ವಾಸನೆ ಮತ್ತೆ ಮೂಗಿಗೆ ಹೊಡೆಯಿತು; ತಿರುಗಿ ಒಳಗೆ ಬಂದು ಸಂಚಿಯನ್ನು ತೆಗೆದು ಒಲೆಯ ಮೇಲಿನ ಗೂಟಕ್ಕೆ ತೂಗುಹಾಕಿ ಹೊರಟಳು. ಯಾರಿಗೂ ಹೇಳಲಿಲ್ಲ.

ಹನ್ನೊಂದಾಯಿತು. ಹದಿಮೂರು ಜೊತೆ ಕಣ್ಣು ಅವಳ ಟೊಂಕದ ಕಡೆ ತಿರುಗಿದವು. ಅಲ್ಲಿ ಏನೂ ಇರಲಿಲ್ಲ. ಯಾರೂ ಏಳಲಿಲ್ಲ. ಚೌಡವ್ವ ಒಬ್ಬಳೇ ಎದ್ದು, ಕೈ ತೊಳೆದು, ಗೋದಾಮಿನ ಗೋಡೆಯ ನೆರಳಿಗೆ ಹೋಗಿ ಕಾಲು ಚಾಚಿ ಕುಳಿತಳು.

ವಿಜಯಮಹಾಂತೇಶ ಬಂದ. ಅಂದು ಅವನ ಬಾಯಿ ಖಾಲಿ ಇತ್ತು, ಹಾಗಾಗಿ ಮಾತು ಬೇಗನೇ ಬಂತು.

"ಸಂಚಿ ಎಲ್ಲೈತಬೇ?"

"ಮನ್ಯಾಗ ಐತಿ."

"ಮತ್ತ ಯಾಕ ಕುಂತಿ?"

"ನಡಾ ನೋಯಾಕತ್ತೈತಿ," ಎಂದಳು ಚೌಡವ್ವ. "ಕಾಲು ತಾಸು ಕುಂದರತೇನಿ."

ಅವನು ಅಲ್ಲೇ ನಿಂತ. ಅವಳು ಚಾಚಿದ ಕಾಲನ್ನು ಮಡಚಿಕೊಳ್ಳಲಿಲ್ಲ.