ಸುಂದರಪ್ಪನವರ ಹಾಡಿಗೆ ನನ್ನ ಗಿಟಾರ್

ನನಗೆ ಗಿಟಾರ್ ಬರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟವನು ನಾನೇ. ಬೇರೆ ಯಾರನ್ನೂ ದೂರುವಂತಿಲ್ಲ.

ಬರುವುದೆಂದರೆ ಎಷ್ಟು? ಹಾಸ್ಟೆಲ್ ಗೆಳೆಯನೊಬ್ಬ ಕಲಿಸಿದ ನಾಲ್ಕು ಕಾರ್ಡ್. (ಅಂಚೆ ಕಾರ್ಡಲ್ಲ ಸ್ವಾಮಿ, ಮೂರು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್.) ಕೂಡ್ಲಿಗಿಯಲ್ಲಿ ಐದನೆಯದನ್ನು ಕೇಳುವವರು ಯಾರಿದ್ದಾರೆ ಎಂಬ ಧೈರ್ಯದಲ್ಲೇ ಇಷ್ಟು ದಿನ ಕಳೆದಿದ್ದೆ.

ಹಿಡಿದು ಹಾಕಿದವರು ನಮ್ಮ ಶಾಲೆಯ ರೂತ್ ಟೀಚರ್. "ಸರ್, ಬರೋ ಭಾನುವಾರ ನಮ್ಮಪ್ಪಾರು ಪ್ರಾರ್ಥನಾ ಮಂದಿರಕ್ಕ ಬರ್ತಾರ್ರಿ. ಲಕ್ವಾ ಹೊಡದ ಮ್ಯಾಲೆ ಇದೇ ಮೊದ್ಲು. ಮಾತು ತಡಾ ಆದ್ರೂ ಎಲ್ಲಾ ತಿಳೀತೈತಿ. ಹಾಡಾಕ ಮಾತ್ರ ಆಗಂಗಿಲ್ಲ. ಅವರು ಕಟ್ಟಿದ ಹಾಡು ನಾವೆಲ್ಲ ಹಾಡ್ತೀವಿ, ನೀವು ಗಿಟಾರ್ ಬಾರಸ್ರಿ. ಕೇಳಿದ್ರ ಅವರಿಗೆ ಜೀವ ಬಂದಂಗ ಆಗತೈತಿ."

ಅವರಪ್ಪ ಸುಂದರಪ್ಪ, ಕಾನಹೊಸಹಳ್ಳಿಯ ನಿವೃತ್ತ ಕಂಪೌಂಡರ್. ಯೇಸುವಿನ ಮೇಲೆ ಜೀವನದಲ್ಲಿ ಒಂದೇ ಒಂದು ಹಾಡು ಕಟ್ಟಿದ್ದಾರೆ. ಅಲ್ಲಿನ ಕ್ರೈಸ್ತರ ಮನೆಗಳಲ್ಲಿ ಮದುವೆಯಿರಲಿ, ಸಾವಿರಲಿ, ಅದೇ ಹಾಡು. ಆರೋಗ್ಯವಾಗಿದ್ದಾಗ ಅವರೇ ಹಾಡಿ ತುಂಬಿಸಿದ್ದ ಕ್ಯಾಸೆಟ್ ನನ್ನ ಕೈಗೆ ಬಂತು.

ಮೊದಲೆರಡು ಸಾಲು ನನ್ನ ಕಾರ್ಡುಗಳಿಗೆ ಸಲೀಸಾಗಿ ಒಗ್ಗಿದವು. ನಾನು ಮೀಸೆ ತಿರುವಿದೆ. ಮೂರನೆಯ ಸಾಲಿನಲ್ಲಿ ಕೆಟ್ಟಿತು. 'ತಂದೆಯೇ' ಎನ್ನುವಲ್ಲಿ ಸುಂದರಪ್ಪನವರು ದನಿಯನ್ನು ಮೇಲೇರಿಸಿ, ಅಲ್ಲೂ ನಿಲ್ಲದೆ, ಕೆಳಗೂ ಇಳಿಯದೆ, ನಡುವೆ ಎಲ್ಲೋ ತೂಗಾಡಿಸಿಬಿಡುತ್ತಿದ್ದರು. 'ಜಿ' ಹಿಡಿದೆ, ಕೂಡಲಿಲ್ಲ. 'ಸಿ' ಹಿಡಿದೆ, ಜಗಳವಾಡಿತು. 'ಡಿ', 'ಇ ಮೈನರ್' ಎರಡೂ ಆದವು. ಅಲ್ಲಿಗೆ ನನ್ನ ಸರಕು ಖಾಲಿ!

ರಿವೈಂಡ್, ಪ್ಲೇ. ಮತ್ತೆ ರಿವೈಂಡ್, ಮತ್ತೆ ಪ್ಲೇ.

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: "ಅದೊಂದೇ ಸಾಲು ಎಷ್ಟು ಸರ್ತಿ ಹಾಡಸ್ತೀರ್ರಿ ಆ ಹಿರ್ಯಾರ ಕೈಲೆ? ಪಾಪ, ಗಂಟ್ಲು ನೋಯಂಗಿಲ್ಲೇನು?"

ಕಾರ್ಡ್ ಸಿಗಲಿಲ್ಲ. ಹಾಗಾದರೆ ತಪ್ಪು ಯಾರದು? ಹಾಡಿನದ್ದೇ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಗಣಿತದ ಮೇಷ್ಟ್ರು ಬೇರೆ, ಡೊಂಕು ಕಂಡರೆ ಸುಮ್ಮನಿರುವ ಜಾತಿಯಲ್ಲ. ಆ ತೂಗಾಟವನ್ನು ಕಿತ್ತುಹಾಕಿ 'ತಂದೆಯೇ'ಯನ್ನು ನೆಟ್ಟಗೆ 'ಜಿ' ಮೇಲೆ ಕೂರಿಸಿದೆ.

ಅಷ್ಟರಲ್ಲಿ ಕೇಳಿ ಕೇಳಿ ಹೆಂಡತಿಗೂ ಹಾಡು ಬಾಯಿಪಾಠವಾಗಿ, ರೊಟ್ಟಿ ಬಡಿಯುತ್ತಾ ಸುಂದರಪ್ಪನವರ ಹಾಗೆಯೇ ಗುನುಗುತ್ತಿದ್ದಳು. ಅವಳನ್ನೂ ತಿದ್ದಲು ಹೋದೆ.

"ಹಾಡು ಕಟ್ಟಿದವರು ಅವರಲ್ಲೇನ್ರಿ?"

"ಕಟ್ಟಿದೋರಿಗೆ ಸರಿಯಾಗಿ ಹಾಡಾಕ ಬರಬೇಕಂತ ಏನೈತಿ?" ಎಂದೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಹೋದ ಭಾನುವಾರ ಗಿಟಾರ್ ಹೊತ್ತು ಕಾನಹೊಸಹಳ್ಳಿಯಲ್ಲಿ ಇಳಿದೆ. (ಬಸ್ಸಿನಲ್ಲಿ ಕಂಡಕ್ಟರು ಇದಕ್ಕೂ ಲಗೇಜ್ ಟಿಕೆಟ್ ಹರಿದ.) ಪ್ರಾರ್ಥನಾ ಮಂದಿರದಲ್ಲಿ ಸುಂದರಪ್ಪನವರನ್ನು ಎದುರಿಗೇ ಕುರ್ಚಿಯಲ್ಲಿ ಕೂರಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಸುಮ್ಮನೆ ಬಿದ್ದ ಬಲಗೈ. ಹಾಡು ಶುರುವಾದದ್ದೇ ತಡ, ಅವರ ಎಡಗೈ ತಾಳ ಹಾಕತೊಡಗಿತು. ರೂತ್ ಟೀಚರ್ ಕಣ್ಣು ಒರೆಸಿಕೊಂಡರು.

ಮೂರನೆಯ ಸಾಲು ಬಂತು. ಜನರೆಲ್ಲ ಸುಂದರಪ್ಪನವರ ದಾರಿ ಹಿಡಿದರು, ನಾನು ನನ್ನ ದಾರಿ.

ಬುದ್ಧಿಯಿದ್ದವನು ಏನು ಮಾಡುತ್ತಿದ್ದ? ಗಿಟಾರ್ ನಿಲ್ಲಿಸುತ್ತಿದ್ದ. ನಾನು ಮೈಕಿನ ಹತ್ತಿರಕ್ಕೆ ಸರಿದೆ. ತಂತಿ ಹರಿಯುವಂತೆ ಬಾರಿಸಿ, ಬಾಯಿ ದೊಡ್ಡದು ಮಾಡಿ ನಾನೇ ಹಾಡಿದೆ. ಎರಡನೆಯ ಚರಣದಲ್ಲಿ ಅರ್ಧ ಜನ ನನ್ನ ಕಡೆ ವಾಲಿದರು. ಕೊನೆಯ ಚರಣಕ್ಕೆ ರೂತ್ ಟೀಚರೂ ಸೋತು ಶರಣಾದರು. ಒಂದಿಡೀ ಸಭೆಯನ್ನು ತಿದ್ದಿದ ಹುಮ್ಮಸ್ಸಿನಲ್ಲಿ ನನಗೆ ಒಂದು ಕಾಣಲೇ ಇಲ್ಲ: ಸುಂದರಪ್ಪನವರ ಎಡಗೈ ಯಾವಾಗ ತಾಳ ನಿಲ್ಲಿಸಿತೋ ಗೊತ್ತಿಲ್ಲ.

ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು. ರೂತ್ ಟೀಚರ್ ಅಪ್ಪನ ಕಿವಿಯ ಹತ್ತಿರ ಬಗ್ಗಿದರು. "ಹೆಂಗಿತ್ತಪ್ಪಾ ಹಾಡು?"

ಅವರು ನನ್ನನ್ನು ನೋಡಿದರು, ಗಿಟಾರನ್ನು ನೋಡಿದರು. ನಾಲಿಗೆ ಹೊರಳಲು ಸ್ವಲ್ಪ ಹೊತ್ತು ಬೇಕಾಯಿತು. "ಚಲೋ... ಐತಿ" ಎಂದರು. ನಾನು ಉಬ್ಬಿಹೋದೆ.

ಆಮೇಲೆ ಮಗಳ ಕಡೆ ತಿರುಗಿ ನಿಧಾನಕ್ಕೆ ಕೇಳಿದರು: "ಯಾರು ಕಟ್ಯಾರವ್ವಾ ಇದನ್ನ?"